ಗೋಡೆಗೆ ಬಣ್ಣ, ಬಾಡಿಗೆದಾರನಿಗೆ ಸುಣ್ಣ

ನಮ್ಮ ಶಿವಮೊಗ್ಗೆಯ ಹಳೆಯ ಬಡಾವಣೆಯೊಂದರ ಅಡ್ಡರಸ್ತೆಯಲ್ಲಿ ಒಂದು ಮನೆಯ ಗೇಟಿಗೆ ಹೊಸ ಫಲಕ ತೂಗುಬಿದ್ದಿತು: ‘ಪೂರ್ತಿ ನವೀಕರಿಸಿದ ಮನೆ ಬಾಡಿಗೆಗೆ ಇದೆ. ಫ್ಯಾಮಿಲಿಗೆ ಮಾತ್ರ. ಸಸ್ಯಾಹಾರಿಗಳಾಗಿರಬೇಕು.’ ಕೆಳಗೆ ಒಂದು ಫೋನ್ ನಂಬರು. ದಾರಿಹೋಕರು ನಿಂತು ನೋಡಿದರು. ಗೋಡೆ ಹೊಳೆಯುತ್ತಿತ್ತು, ಕಿಟಕಿಗೆ ಹೊಸ ಗಾಜು ಬಂದಿತ್ತು, ಅಂಗಳಕ್ಕೆ ಸಿಮೆಂಟಿನ ಹಾಸು ಬಿದ್ದಿತ್ತು. ಮನೆ ಎಂದರೆ ಹೀಗಿರಬೇಕು ಎಂದು ಮೆಚ್ಚಿ ಮುಂದೆ ಹೋದರು. ಬಾಡಿಗೆ ಎಷ್ಟೆಂದು ಕೇಳಿದವರು ಇನ್ನೂ ಬೇಗ ಮುಂದೆ ಹೋದರು.

ಓದುಗ ಬಂಧುಗಳೆ, ಆ ಮನೆಯ ಪೂರ್ವಾಶ್ರಮ ನನಗೆ ಗೊತ್ತು. 2018ರಿಂದ 2024ರವರೆಗೆ ಆರು ವರ್ಷ ಅದರಲ್ಲಿ ಸಂಸಾರ ಮಾಡಿದವನು ನಾನೇ. ನನ್ನೊಬ್ಬನ ಗೋಳು ತೋಡಿಕೊಳ್ಳುವುದಕ್ಕೆ ಪತ್ರಿಕೆಯ ಪುಟ ಬಳಸಿದರೆ ಅದು ತಪ್ಪಾದೀತು. ಆದರೆ ಅದೇ ಬೀದಿಯಲ್ಲಿ ಒಂದಾದ ಮೇಲೊಂದು ಮನೆಗೆ ಬಣ್ಣ ಬಂದಿತು, ಒಂದಾದ ಮೇಲೊಂದು ಸಂಸಾರ ಬೈಪಾಸಿನ ಆಚೆಗೆ ಹೋಯಿತು. ಬಣ್ಣ ಬರುವುದಕ್ಕೂ ಸಂಸಾರ ಹೋಗುವುದಕ್ಕೂ ಸಂಬಂಧವಿದೆ. ಆ ಸಂಬಂಧವನ್ನು ಬಿಡಿಸಿ ತೋರಿಸುವುದೇ ಈ ಬರಹದ ಉದ್ದೇಶ.

ಸೋರುವ ಮಾಡು

ಆಗ ಅದು ಮಂಗಳೂರು ಹೆಂಚಿನ ಮನೆ. ನಡುಮನೆ, ಎರಡು ಕೋಣೆ, ಅಡುಗೆಮನೆ, ಹಿತ್ತಿಲಲ್ಲಿ ಬಾವಿ. ನೆಲಕ್ಕೆ ಕೆಂಪು ಕಾವಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವನು. ನನ್ನಾಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಬಾಡಿಗೆ ತಿಂಗಳಿಗೆ 6,500 ರೂಪಾಯಿ, ಮುಂಗಡ 40,000. ಹನ್ನೊಂದು ತಿಂಗಳ ಕರಾರು ಪತ್ರ. ಛಾಪಾ ಕಾಗದದ ಮೇಲೆ ಕಿರಿದಾದ ಅಕ್ಷರದಲ್ಲಿ ಟೈಪು ಮಾಡಿದ್ದರು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬಾರದೆಂದು ತರಗತಿಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದ ನಾನು ಅದನ್ನು ಪೂರ್ತಿ ಓದದೆ ಸಹಿ ಹಾಕಿದೆ. ಮನೆ ಸಿಕ್ಕಿತಲ್ಲ ಎಂಬ ಸಂತೋಷ ಕಣ್ಣಿಗೆ ಪೊರೆಯಾಗಿತ್ತು. ಈ ತಪ್ಪು ನನ್ನದು. ಅದನ್ನು ಮುಚ್ಚಿಟ್ಟು ಬೇರೆಯವರನ್ನು ಬೈಯಲಾರೆ.

ಮಳೆಗಾಲ ಬಂತೆಂದರೆ ಮಾಡು ಸೋರುತ್ತಿತ್ತು. ನಡುಮನೆಯಲ್ಲಿ ಎರಡು ಬಕೆಟ್ಟು, ಕೋಣೆಯಲ್ಲಿ ಒಂದು ಪಾತೆಲೆ. ಮನೆಯ ಯಜಮಾನರಿಗೆ ಪ್ರತಿ ಜೇಷ್ಠಮಾಸದಲ್ಲಿ ಹೇಳುತ್ತಿದ್ದೆ. ಅವರು ಕೆಟ್ಟವರಲ್ಲ. ‘ನೋಡೋಣ ಮೇಷ್ಟ್ರೇ, ಈ ಸಲ ಹೆಂಚು ಕೈಯಾಡಿಸೋಣ’ ಎನ್ನುತ್ತಿದ್ದರು. ಆರು ಮಳೆಗಾಲ ಕಳೆಯಿತು. ಹೆಂಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದವನು ನಾನು, ದುಡ್ಡು ಕೊಟ್ಟವನೂ ನಾನು. ಬಾಡಿಗೆ ಮಾತ್ರ ಒಂದು ತಿಂಗಳೂ ಸೋರಲಿಲ್ಲ. ಐದನೇ ತಾರೀಖಿನೊಳಗೆ ಸರಿಯಾಗಿ ಅವರ ಖಾತೆಗೆ ಹೋಯಿತು.

2024ರ ಯುಗಾದಿ ಕಳೆದ ಮೇಲೆ ಯಜಮಾನರು ಬಂದರು. ‘ಮೇಷ್ಟ್ರೇ, ಮನೆ ರಿಪೇರಿ ಮಾಡಿಸಬೇಕು ಅಂತಿದೀನಿ. ನೀವು ಬಿಟ್ಟುಕೊಡಬೇಕಾಗತ್ತೆ’ ಎಂದರು. ಆರು ವರ್ಷದ ಪ್ರಾರ್ಥನೆ ಫಲಿಸಿತೆಂದು ನನಗೆ ಸಂತೋಷವೇ ಆಯಿತು. ‘ಆಗಲಿ ರಾಯರೇ, ಆಮೇಲೆ ನಾವೇ ಬರ್ತೀವಿ’ ಎಂದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಮನೆ ಬಿಡುವ ದಿನ ಮುಂಗಡದ ಹಣ ಎಣಿಸಿಕೊಟ್ಟಾಗ ಅದರಲ್ಲಿ 31,000 ರೂಪಾಯಿ ಇತ್ತು. ಉಳಿದ 9,000 ಎಲ್ಲಿ ಎಂದು ಕೇಳಿದೆ. ಕರಾರು ಪತ್ರವನ್ನು ಮುಂದೆ ಹಿಡಿದರು. ಮನೆ ಬಿಡುವಾಗ ಬಣ್ಣದ ಖರ್ಚನ್ನು ಮುಂಗಡದಿಂದ ಮುರಿದುಕೊಳ್ಳತಕ್ಕದ್ದು ಎಂದು ಏಳನೇ ಕಲಮಿನಲ್ಲಿ ಬರೆದಿತ್ತು. ನನ್ನ ಸಹಿ ಅದರ ಕೆಳಗೆ ಇತ್ತು.

ಎಂಟು ದಿನಗಳ ಬಳಿಕ ಬಿಟ್ಟುಹೋಗಿದ್ದ ಒಂದು ಸ್ಟೂಲು ತರಲು ಹೋದೆ. ಕೂಲಿಯಾಳುಗಳು ಗೋಡೆಯ ಗಾರೆಯನ್ನೆಲ್ಲ ಕೆತ್ತಿ ಕೆಡವುತ್ತಿದ್ದರು. ಎರಡು ಗೋಡೆ ಆಗಲೇ ನೆಲಸಮವಾಗಿತ್ತು. ಮನೆಗೆ ಬಂದು ಹೇಳಿದಾಗ ನನ್ನಾಕೆ ಹೊಲಿಗೆ ಮಷೀನು ನಿಲ್ಲಿಸಿ ಒಂದೇ ಮಾತು ಕೇಳಿದಳು: ‘ರೀ, ಬಣ್ಣಕ್ಕೆ ಅಂತ ನಮ್ಮ ಹತ್ರ ಒಂಬತ್ತು ಸಾವಿರ ಹಿಡ್ಕೊಂಡ್ರಲ್ಲ, ಅದನ್ನ ಯಾವ ಗೋಡೆಗೆ ಹೊಡೆದ್ರು ಅಂತ ಕೇಳ್ಕೊಂಡು ಬನ್ನಿ.’

ನನ್ನ ಬಳಿ ಉತ್ತರವಿರಲಿಲ್ಲ. ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟದ್ದು.

ಲೆಕ್ಕದ ಮೇಷ್ಟ್ರ ಲೆಕ್ಕ

ನಾಲ್ಕು ತಿಂಗಳಲ್ಲಿ ಮನೆ ಬದಲಾಯಿತು. ಕಾವಿ ನೆಲ ಹೋಗಿ ಹೊಳೆಯುವ ಟೈಲ್ಸು, ಹೆಂಚಿನಡಿಯಲ್ಲಿ ಹಲಗೆಯ ಸೀಲಿಂಗು, ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ಹೊಸ ವೈರಿಂಗು, ಸ್ನಾನದ ಮನೆಗೆ ಗೀಸರು. ಕೆಲಸ ಹಿಡಿದಿದ್ದ ಮೇಸ್ತ್ರಿ ಪರಿಚಯದವನು. ಎಲ್ಲ ಸೇರಿ ಆರು ಲಕ್ಷ ಆಯಿತೆಂದ. ಹೊಸ ಬಾಡಿಗೆ 16,000. ಮುಂಗಡ ಬೆಂಗಳೂರಿನ ಪದ್ಧತಿಯಂತೆ ಹತ್ತು ತಿಂಗಳದು, 1,60,000.

ಕರಿಹಲಗೆಯ ಮೇಲೆ ಬರೆದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಬಾಡಿಗೆ ಏರಿದ್ದು ತಿಂಗಳಿಗೆ 9,500. ವರ್ಷಕ್ಕೆ 1,14,000. ಹಾಕಿದ ಆರು ಲಕ್ಷ ಐದೂಕಾಲು ವರ್ಷದಲ್ಲಿ ಪೂರ್ತಿ ವಾಪಸು. ಅಲ್ಲಿಂದ ಮುಂದೆ ಆ 9,500 ಯಾವ ಖರ್ಚಿಗೂ ಸಂಬಂಧವಿಲ್ಲದ ಲಾಭ. ಬಾಡಿಗೆ ಮುಂದೆಯೂ ಏರುತ್ತಿದ್ದರೆ ಇನ್ನೂ ಬೇಗ. ಇದು ಸಾಲದೆಂಬಂತೆ 1,60,000 ರೂಪಾಯಿ ಬಡ್ಡಿಯಿಲ್ಲದೆ ಮಾಲೀಕನ ಕೈಯಲ್ಲಿ. ಎಂದರೆ ನವೀಕರಣದ ಖರ್ಚಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಬಾಡಿಗೆಗೆ ಬರುವವನೇ ಕೈಗಡ ಕೊಟ್ಟ ಹಾಗಾಯಿತು. ಬ್ಯಾಂಕಿನಲ್ಲಿ ನೂರಕ್ಕೆ ಏಳರಂತೆ ಇಟ್ಟರೂ ಆ ಹಣ ವರ್ಷಕ್ಕೆ 11,200 ದುಡಿಯುತ್ತಿತ್ತು. ಮೂರು ವರ್ಷಕ್ಕೆ 33,600. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು. ಕರಾರು ಪತ್ರದಲ್ಲಿ ಈ ಬಾಡಿಗೆಯ ಹೆಸರಿಲ್ಲ, ಆದರೆ ತೆರುವವನು ತೆರುತ್ತಾನೆ.

ಇನ್ನೊಂದು ಕಡೆ ನೋಡಿ. ಬಾಡಿಗೆ ವರಮಾನವನ್ನು ತೋರಿಸುವ ಮಾಲೀಕನಿಗೆ ಆದಾಯ ತೆರಿಗೆಯ ಕಾನೂನು ಒಂದು ರಿಯಾಯಿತಿ ಕೊಡುತ್ತದೆ. ನಗರಸಭೆಯ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30 ಭಾಗವನ್ನು ದುರಸ್ತಿ ಮೊದಲಾದ ಖರ್ಚಿನ ಬಾಬ್ತೆಂದು ಬಿಟ್ಟುಬಿಡುತ್ತಾರೆ. ಒಂದು ಹೆಂಚು ಬದಲಿಸದಿದ್ದರೂ ಸರಿ, ಒಂದು ರಸೀತಿಯನ್ನೂ ತೋರಿಸಬೇಕಾಗಿಲ್ಲ. ದುರಸ್ತಿಯ ಹೆಸರಿನಲ್ಲಿ ಸರ್ಕಾರದ ಬೊಕ್ಕಸದಿಂದ ಒಮ್ಮೆ ವಿನಾಯಿತಿ, ಬಣ್ಣದ ಹೆಸರಿನಲ್ಲಿ ಬಾಡಿಗೆದಾರನ ಮುಂಗಡದಿಂದ ಒಮ್ಮೆ ಮುರಿತ, ನವೀಕರಣದ ಹೆಸರಿನಲ್ಲಿ ಹೊಸ ಬಾಡಿಗೆದಾರನಿಂದ ಮತ್ತೊಮ್ಮೆ ವಸೂಲಿ. ಒಂದೇ ಗೋಡೆಗೆ ಮೂರು ಸಲ ದುಡ್ಡು! ಕಳೆದ ಆರು ಮಳೆಗಾಲದಲ್ಲಿ ಆ ಗೋಡೆಗೆ ಒಂದು ಸಲವೂ ಸುಣ್ಣ ಬಿದ್ದಿರಲಿಲ್ಲ.

ಕಾಯಿದೆ ಏನು ಹೇಳುತ್ತದೆ

‘ನೀನು ಸಹಿ ಹಾಕಿದ್ದೀಯೆ, ಈಗ ಅಳುವುದೇಕೆ’ ಎಂದು ಕೇಳುವವರುಂಟು. ನಾನೂ ಅದನ್ನೇ ಕೇಳಿಕೊಂಡು ಕಾಯಿದೆ ಪುಸ್ತಕ ತೆರೆದೆ. ವಕೀಲ ಮಿತ್ರರೊಬ್ಬರು ಕೂಡಿಸಿ ಓದಿಸಿದರು. ತಿಳಿದದ್ದನ್ನು ತಿಳಿದಷ್ಟು ಹೇಳುತ್ತೇನೆ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮು ಬಾಡಿಗೆದಾರನ ಮತ್ತು ಮಾಲೀಕನ ಹೊಣೆಗಳನ್ನು ಪಟ್ಟಿ ಮಾಡುತ್ತದೆ. ಬಾಡಿಗೆದಾರನು ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲಿ ಹಿಂತಿರುಗಿಸಬೇಕು. ಆದರೆ ಸಹಜವಾದ ಬಳಕೆಯಿಂದ ಆದ ಸವೆತಕ್ಕೆ ಅವನು ಹೊಣೆಯಲ್ಲ. ಮನುಷ್ಯರು ಬಾಳಿದ ಮನೆಯ ಗೋಡೆ ಮಾಸುತ್ತದೆ. ಆ ಮಾಸಿದ್ದಕ್ಕೇ ತಿಂಗಳು ತಿಂಗಳು ಬಾಡಿಗೆ ಕೊಟ್ಟಿದ್ದೇವೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಮಾಲೀಕನು ತಾನು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೂ ಮಾಡಿಸದೆ ಹೋದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನೂರ ನಲವತ್ತು ವರ್ಷದಿಂದ ಈ ಮಾತು ಪುಸ್ತಕದಲ್ಲಿದೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆದರೆ ಇದಕ್ಕೊಂದು ಬಾಲವೂ ಇದೆ: ಕರಾರಿನಲ್ಲಿ ಬೇರೆ ಹೇಳಿದ್ದರೆ ಕರಾರೇ ನಡೆಯುತ್ತದೆ. ಆದಕಾರಣ ಕರಾರು ಬರೆಯುವವನ ಕೈಯಲ್ಲಿ ಕಾಯಿದೆ.

ಹನ್ನೊಂದು ತಿಂಗಳು ಯಾಕೆ? 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಪತ್ರ ರಿಜಿಸ್ಟರಾಗಲೇಬೇಕು. ಹನ್ನೊಂದು ತಿಂಗಳೆಂದರೆ ಆ ಗೊಡವೆಯಿಲ್ಲ. ಅವಧಿ ಮುಗಿದು ಮುಂದುವರಿದರೆ ತಿಂಗಳ ಬಾಡಿಗೆದಾರ. ಬೇರೆ ಕರಾರಿಲ್ಲದಲ್ಲಿ ಹದಿನೈದು ದಿನದ ನೋಟೀಸು ಸಾಕು. ಆರು ವರ್ಷ ಬಾಳಿದ ಸಂಸಾರದ ಬೇರು ಹದಿನೈದು ದಿನದ ಆಳ!

ಹಾಗಾದರೆ ಬಾಡಿಗೆ ನಿಯಂತ್ರಣದ ಕಾಯಿದೆ ಎಲ್ಲಿ ಹೋಯಿತು? ಮೈಸೂರು ಸಂಸ್ಥಾನದಲ್ಲಿ 1951ರಲ್ಲಿ ಮನೆ ಬಾಡಿಗೆಯ ನಿಯಂತ್ರಣಕ್ಕೆ ಒಂದು ಕಾಯಿದೆ ಬಂದಿತು, ಏಕೀಕರಣದ ಬಳಿಕ 1961ರಲ್ಲಿ ಇನ್ನೊಂದು. ಕೆಡವಿ ಕಟ್ಟುವುದಕ್ಕೆಂದು ಬಿಡಿಸಿದ ಬಾಡಿಗೆದಾರನಿಗೆ ಹೊಸ ಕಟ್ಟಡದಲ್ಲಿ ಮರಳಿ ಬರುವ ಹಕ್ಕನ್ನು 1961ರ ಕಾಯಿದೆ ಕೊಟ್ಟಿತ್ತು. ಅದನ್ನು ರದ್ದುಮಾಡಿ 1999ರ ಕರ್ನಾಟಕ ಬಾಡಿಗೆ ಕಾಯಿದೆಯನ್ನು 2001ರ ಡಿಸೆಂಬರ್ 31ರಂದು ಜಾರಿಗೆ ತಂದರು. ಮರುಪ್ರವೇಶದ ಮಾತನ್ನು ಅದೂ ಆಡುತ್ತದೆ, ಆದರೆ ತನ್ನ ಅಂಗಳದೊಳಗಿನ ಮನೆಗೆ ಮಾತ್ರ. ಆ ಅಂಗಳ ಎಷ್ಟು ದೊಡ್ಡದು? ಕಾಯಿದೆ ಲೆಕ್ಕ ಹಿಡಿಯುವ ಬಾಡಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಮನೆ ಹೊರಗೆ ಎಂದು ಗೆರೆ ಎಳೆದರು. ನಮ್ಮ ಮನೆ ಗೆರೆಯ ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸಿಕೊಳ್ಳಲಿಕ್ಕೇ ಕೋರ್ಟಿನ ಮೆಟ್ಟಿಲು ಹತ್ತಬೇಕು. ಬಾಡಿಗೆ ಕಟ್ಟಲು ಹೆಣಗುವವನು ಆ ಮೆಟ್ಟಿಲನ್ನು ಎಷ್ಟು ವರ್ಷ ಹತ್ತಿಯಾನು?

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಅದೇ ಕಾಯಿದೆ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿತು. ಹೊಸದಾಗಿ ಕಟ್ಟಿದ ಅಥವಾ ಗಣನೀಯವಾಗಿ ನವೀಕರಿಸಿದ ಕಟ್ಟಡಕ್ಕೆ ಕೆಲಸ ಮುಗಿದಂದಿನಿಂದ 15 ವರ್ಷ ಈ ಕಾಯಿದೆ ಅನ್ವಯಿಸದು. ನವೀಕರಿಸಿದ ಮನೆ ಎಂಬ ಫಲಕದ ಬೆಲೆ ಈಗ ತಿಳಿಯಿತೇ?

ಅಳೆಯುವ ಕೊಳಗ ಯಾರ ಕೈಯಲ್ಲಿ?

ನ್ಯಾಯವಾಗಿ ಹೇಳಬೇಕಾದರೆ, ಗಣನೀಯ ನವೀಕರಣವೆಂದರೆ ಬಣ್ಣ ಬಳಿಯುವುದಲ್ಲ. ಮನೆಯ ಮುಕ್ಕಾಲು ಪಾಲಾದರೂ ಹೊಸದಾಗಿ ಕಟ್ಟಿರಬೇಕೆಂದು ಕಾಯಿದೆಯೇ ವಿವರಣೆ ಕೊಟ್ಟಿದೆ. ಟೈಲ್ಸು, ಸೀಲಿಂಗು, ಗೀಸರು ಇವುಗಳಿಂದ ಮುಕ್ಕಾಲು ಪಾಲು ಆಗುವುದಿಲ್ಲ. ಆದರೆ ಬೀದಿಯ ಬದಿಯಲ್ಲಿ ಸಾಮಾನು ಗಾಡಿಗೆ ಹೇರಿ ನಿಂತಿರುವ ಬಾಡಿಗೆದಾರನ ಪರವಾಗಿ ಟೇಪು ಹಿಡಿದು ಗೋಡೆ ಅಳೆಯಲು ಬರುವವರು ಯಾರು? ಮಾಲೀಕನು ನವೀಕರಿಸಿದೆ ಎಂದರೆ ನವೀಕರಣ, ಬಣ್ಣಕ್ಕೆ ಒಂಬತ್ತು ಸಾವಿರ ಎಂದರೆ ಒಂಬತ್ತು ಸಾವಿರ.

ಇದನ್ನು ನೋಡುವಾಗ ನಮ್ಮ ಜಿಲ್ಲೆಯವರಿಗೆ ಒಂದು ಹಳೆಯ ಜಗಳ ನೆನಪಾಗದೆ ಇರದು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕುಳಿತರು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟಕ್ಕೆ ಕಿಡಿ ಬಿದ್ದದ್ದು ಗೇಣಿಯ ಭತ್ತ ಅಳೆಯುವ ಕೊಳಗದಿಂದ. ಭತ್ತ ಬೆಳೆದವನು ಒಬ್ಬ, ಕೊಳಗ ಹಿಡಿದವನು ಇನ್ನೊಬ್ಬ. ಕೊಳಗ ಹಿಡಿದವನಿಗೆ ಬೇಕಾದಷ್ಟು ದೊಡ್ಡದಾಗಿತ್ತು ಕೊಳಗ. ಗೇಣಿ ಕೊಡುವುದಿಲ್ಲ ಎಂದು ಅವರು ಹೇಳಲಿಲ್ಲ. ಅಳತೆ ಸರಿಯಿರಲಿ ಎಂದರು. ಆ ಮಾತಿನ ಹಿಂದೆ ಹೊರಟ ಚಳವಳಿ 1974ರ ಭೂಸುಧಾರಣೆಯವರೆಗೆ ದಾರಿ ತೆರೆಯಿತು.

ಉಳುವವನೇ ಹೊಲದೊಡೆಯ ಎಂಬಂತೆ ಇರುವವನೇ ಮನೆಯೊಡೆಯ ಎಂದು ನಾನು ಹೇಳುತ್ತಿಲ್ಲ. ನಿವೃತ್ತಿಯ ಹಣದಿಂದ ಒಂದು ಮನೆ ಕಟ್ಟಿ ಮಹಡಿಯನ್ನು ಬಾಡಿಗೆಗೆ ಕೊಟ್ಟು ಔಷಧಿಯ ಖರ್ಚು ತೂಗಿಸುವ ವಿಧವೆಯೂ ಮಾಲೀಕಳೇ. ಅವಳನ್ನು ನೂರು ಎಕರೆಯ ಜಮೀನ್ದಾರನ ಸಾಲಿನಲ್ಲಿ ನಿಲ್ಲಿಸುವುದು ಮೂರ್ಖತನ. ನಮ್ಮ ಬೇಡಿಕೆಯೂ ಕಾಗೋಡಿನವರ ಬೇಡಿಕೆಯಂತೆ ಸಣ್ಣದೇ: ಅಳತೆ ಒಂದೇ ಇರಲಿ, ಅದು ಒಬ್ಬನ ಕೈಯಲ್ಲಿ ಇರದಿರಲಿ.

ಈ ಸಂದರ್ಭದಲ್ಲಿ ನಮ್ಮವರಿಗೂ ಒಂದು ಮಾತು. ಸಭೆಯಲ್ಲಿ ಗೇಣಿಯ ವಿಷಯ ಬಂದರೆ ಗಂಟಲು ಹರಿದುಕೊಳ್ಳುವ ಕೆಲವು ಮಿತ್ರರು ಮನೆಗೆ ಹೋಗಿ ಹನ್ನೊಂದು ತಿಂಗಳ ಕರಾರು ಬರೆಸುತ್ತಾರೆ, ಬಣ್ಣದ ಹಣ ಮುರಿಯುತ್ತಾರೆ. ಹೊಲದ ಬದುವಿನವರೆಗೆ ಮಾತ್ರ ಸಮಾಜವಾದ, ಮನೆಯ ಹೊಸ್ತಿಲಿಗೆ ಬಂದಾಗ ಇಲ್ಲ ಎಂಬುದು ಯಾವ ಸಿದ್ಧಾಂತ?

ಕಟ್ಟೆ ಕೂಡಿಸಿದವನಿಗೆ ಒಲೆ ಇಲ್ಲ

ಫಲಕದ ಮೂರನೆಯ ಸಾಲನ್ನು ಮತ್ತೊಮ್ಮೆ ಓದಿ: ಸಸ್ಯಾಹಾರಿಗಳಾಗಿರಬೇಕು. ಆ ಮನೆಯ ಗ್ರಾನೈಟ್ ಕಟ್ಟೆಯನ್ನು ಕೂಡಿಸಿದ ಹುಡುಗರು ಉತ್ತರ ಕರ್ನಾಟಕದ ಕಡೆಯವರು. ಊರ ಹೊರಗೆ ತಗಡಿನ ಶೆಡ್ಡಿನಲ್ಲಿ ಎಂಟು ಜನ ಮಲಗುತ್ತಾರೆ. ಅವರು ಕೂಡಿಸಿದ ಕಟ್ಟೆಯ ಮೇಲೆ ಅವರ ಒಲೆ ಉರಿಯುವ ಹಾಗಿಲ್ಲ. ಆಹಾರದ ಪ್ರಶ್ನೆ ಆಹಾರದಲ್ಲಿ ನಿಲ್ಲುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ‘ನೀವು ಯಾವ ಕಡೆಯವರು?’ ‘ಹೆಸರು ಪೂರ್ತಿ ಹೇಳಿ.’ ಆಮೇಲೆ ‘ನಿನ್ನೆ ತಾನೇ ಕೊಟ್ಟುಬಿಟ್ಟೆವು.’ ಫಲಕ ಮಾತ್ರ ಮರುದಿನವೂ ಅಲ್ಲೇ ತೂಗುತ್ತಿರುತ್ತದೆ.

ಇದು ನನ್ನ ಕಲ್ಪನೆಯಲ್ಲ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಸುತ್ತಲಿನ ನಗರಗಳಲ್ಲಿ ಮೇಲ್ಜಾತಿಯ, ದಲಿತರ, ಮುಸ್ಲಿಮರ ಹೆಸರಿನಲ್ಲಿ ಬಾಡಿಗೆ ಮನೆ ಕೇಳಿಸಿ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಮೇಲ್ಜಾತಿಯ ಹೆಸರಿಗೆ ಸಲೀಸಾಗಿ ತೆರೆದ ಬಾಗಿಲು ಉಳಿದ ಹೆಸರುಗಳಿಗೆ ಒಂದೋ ಮುಚ್ಚಿತು, ಇಲ್ಲವೇ ಹೆಚ್ಚಿನ ಷರತ್ತಿನ ಮೇಲೆ ಅರ್ಧ ತೆರೆಯಿತು. 1917ರಲ್ಲಿ ಬರೋಡದಲ್ಲಿ ದೊಡ್ಡ ನೌಕರಿಯಲ್ಲಿದ್ದ ಅಂಬೇಡ್ಕರರನ್ನು ಅವರು ತಂಗಿದ್ದ ಪಾರಸಿಗಳ ವಸತಿಗೃಹದಿಂದ ಹೊರಹಾಕಿದರು. ನೂರು ವರ್ಷದಲ್ಲಿ ಗೋಡೆಯ ಬಣ್ಣ ಬದಲಾಗಿದೆ. ನವೀಕರಣವಾಗಬೇಕಾದ್ದು ಮನೆಯೋ, ಮನೆ ಕೊಡುವವರ ಮನಸ್ಸೋ?

ಎದುರುವಾದಕ್ಕೆ ಉತ್ತರ

ಮಾಲೀಕರ ಪರವಾಗಿ ಆಡುವ ಮಾತುಗಳನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಹಳೆಯ ಕಾಯಿದೆಯ ಕಾಲದಲ್ಲಿ ಬಾಡಿಗೆ ದಶಕಗಟ್ಟಲೆ ಹೆಪ್ಪುಗಟ್ಟಿ ನಿಂತಿತು, ರಿಪೇರಿಗೂ ಸಾಲದಾಯಿತು, ಮನೆಗಳು ಬಿದ್ದುಹೋದವು ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಬೊಂಬಾಯಿಯ ಕಾಯಿದೆಯ ವಿಷಯದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟೇ ಹೀಗೆ ಬಾಡಿಗೆಯನ್ನು ಹೆಪ್ಪುಗಟ್ಟಿಸಿಡುವುದು ನ್ಯಾಯವಲ್ಲವೆಂದು ಹೇಳಿತು. ದೊಡ್ಡ ಅಂಗಡಿ ಇಟ್ಟುಕೊಂಡು ಬಡ ಮಾಲೀಕನಿಗೆ ಚಿಲ್ಲರೆ ಬಾಡಿಗೆ ಕೊಟ್ಟು ಕೊಬ್ಬಿದ ಬಾಡಿಗೆದಾರರೂ ಇದ್ದರು. ಆದರೆ ಒಂದು ಕಾಲು ಮಂಜುಗಡ್ಡೆಯಲ್ಲಿತ್ತೆಂದು ಇನ್ನೊಂದು ಕಾಲನ್ನು ಕೆಂಡದ ಮೇಲೆ ಇಡಬೇಕೆ? ಬಾಡಿಗೆ ಏರಲಿ, ಅಳತೆಗೆ ತಕ್ಕಂತೆ ಏರಲಿ. 6,500 ರೂಪಾಯಿ 16,000ಕ್ಕೆ ಹಾರುವುದು ಏರಿಕೆಯಲ್ಲ, ಎತ್ತಂಗಡಿ.

ನಿಯಂತ್ರಿಸಿದರೆ ಬಾಡಿಗೆಗೆ ಮನೆಯೇ ಸಿಗದು ಎಂಬುದು ಇನ್ನೊಂದು ಬೆದರಿಕೆ. 2011ರ ಜನಗಣತಿಯಲ್ಲಿ ದೇಶದ ಪಟ್ಟಣಗಳಲ್ಲಿ ಸುಮಾರು 1 ಕೋಟಿ 11 ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ಮರುವರ್ಷವೇ ಕೇಂದ್ರ ಸರ್ಕಾರದ ತಜ್ಞರ ತಂಡ ಪಟ್ಟಣಗಳಲ್ಲಿ 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆ ಎಂದು ಲೆಕ್ಕ ಕೊಟ್ಟಿತು. ಕರ್ನಾಟಕದಲ್ಲಿ ಬಾಡಿಗೆ ಕಾಯಿದೆಯ ಹಲ್ಲು ಕಿತ್ತು ಹತ್ತು ವರ್ಷವಾದ ಮೇಲಿನ ಮಾತಿದು. ಮನೆಯಿಲ್ಲದ ಜನ, ಜನರಿಲ್ಲದ ಮನೆ ಎರಡೂ ಒಂದೇ ಊರಿನಲ್ಲಿದ್ದರೆ ತಪ್ಪನ್ನು ನಿಯಂತ್ರಣದ ತಲೆಗೆ ಕಟ್ಟುವುದು ಹೇಗೆ?

ಹೊರದೇಶದ ಒಂದು ಉದಾಹರಣೆ ಕೊಡುತ್ತೇನೆ. ಜರ್ಮನಿಯೇನೂ ಸಮಾಜವಾದಿ ರಾಷ್ಟ್ರವಲ್ಲ, ಬಂಡವಳಿಗರ ದೇಶವೇ. ಅಲ್ಲಿ ವಸತಿ ಮನೆಯ ಮುಂಗಡ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಆ ಹಣವನ್ನು ಮಾಲೀಕನು ತನ್ನ ಹಣದೊಡನೆ ಬೆರೆಸದೆ ಪ್ರತ್ಯೇಕವಾಗಿ ಇಡಬೇಕು, ಬಡ್ಡಿ ಬಾಡಿಗೆದಾರನಿಗೆ ಸೇರಬೇಕು. ಇನ್ನು ನವೀಕರಣದ ವಿಷಯ. ಸೋರುವ ಮಾಡನ್ನು ಸರಿಪಡಿಸುವುದು ದುರಸ್ತಿ. ಅದು ಮಾಲೀಕನ ಕರ್ತವ್ಯ, ಅದರ ಖರ್ಚನ್ನು ಏರಿಕೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮನೆಯ ಅನುಕೂಲವನ್ನು ಹೆಚ್ಚಿಸುವ ಸುಧಾರಣೆ ಬೇರೆ. ಅದಕ್ಕೆ ತಗುಲಿದ ಖರ್ಚಿನಲ್ಲಿ ವರ್ಷಕ್ಕೆ ನೂರಕ್ಕೆ 8ರಷ್ಟನ್ನು ಬಾಡಿಗೆಗೆ ಸೇರಿಸಬಹುದು, ಅದಕ್ಕೂ ಮನೆಯ ಅಳತೆಗೆ ತಕ್ಕ ಒಂದು ಮೇಲ್ಮಿತಿ ಉಂಟು. 2019ರವರೆಗೆ ಈ ದರ ನೂರಕ್ಕೆ 11 ಇತ್ತು. ಬಾಡಿಗೆದಾರರು ಗಲಾಟೆ ಮಾಡಿದ ಮೇಲೆ ಇಳಿಸಿದರು.

ಆ ಅಳತೆಯನ್ನು ನನ್ನ ಹಳೆಯ ಮನೆಗೆ ಹಿಡಿದು ನೋಡೋಣ. ಆರು ಲಕ್ಷದಲ್ಲಿ ಅರ್ಧ ದುರಸ್ತಿ, ಅರ್ಧ ಸುಧಾರಣೆ ಎಂದಿಟ್ಟುಕೊಳ್ಳಿ. ಮೂರು ಲಕ್ಷಕ್ಕೆ ನೂರಕ್ಕೆ 8ರಂತೆ ವರ್ಷಕ್ಕೆ 24,000, ತಿಂಗಳಿಗೆ 2,000. ಬಾಡಿಗೆ 8,500 ಆಗುತ್ತಿತ್ತು. ಹೊಲಿಗೆಯ ಗಿರಾಕಿಗಳು ಇದ್ದಲ್ಲೇ ಇರುತ್ತಿದ್ದರು, ಮಗಳು ಶಾಲೆ ಬದಲಿಸಬೇಕಾಗಿರಲಿಲ್ಲ, ಕಷ್ಟಪಟ್ಟು ಕೊಡುತ್ತಿದ್ದೆವು. ಮಾಲೀಕರಿಗೂ ನಷ್ಟವಿರಲಿಲ್ಲ. 8,500ಕ್ಕೂ 16,000ಕ್ಕೂ ನಡುವೆ ಇರುವ 7,500 ರೂಪಾಯಿ ಟೈಲ್ಸಿನ ಬೆಲೆಯಲ್ಲ, ಗ್ರಾನೈಟಿನ ಬೆಲೆಯಲ್ಲ. ಅದು ನಮ್ಮ ಅಸಹಾಯಕತೆಗೆ ಮಾರುಕಟ್ಟೆ ಕಟ್ಟಿದ ಬೆಲೆ.

ನಾವು ಕೇಳುವುದೇನು?

ಕೇಂದ್ರ ಮಂತ್ರಿಮಂಡಲ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯಿದೆಯೊಂದನ್ನು ಒಪ್ಪಿತು. ವಸತಿ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆ ಮೀರಕೂಡದೆಂದು ಅದರಲ್ಲಿದೆ. ಗೋಡೆಗೆ ಸುಣ್ಣ ಬಳಿಸುವುದು, ಬಾಗಿಲು ಕಿಟಕಿಗೆ ಬಣ್ಣ ಹೊಡೆಸುವುದು ಮಾಲೀಕನ ಪಾಲಿನ ಕೆಲಸವೆಂದು ಅದರ ಅನುಸೂಚಿಯಲ್ಲೇ ಬರೆದಿದೆ. ಆದರೆ ಅಲ್ಲಿಯೂ ಕರಾರಿನಲ್ಲಿ ಬೇರೆ ಹೇಳಿದ್ದರೆ ಬೇರೆ ಎಂಬ ಹಳೆಯ ಬಾಲ ಇದೆ. ಮೇಲಾಗಿ ಮಾದರಿ ಎಂದರೆ ಮಾದರಿ. ರಾಜ್ಯದ ಶಾಸನಸಭೆ ಶಾಸನ ಮಾಡಿದಲ್ಲಿ ಮಾತ್ರ ಅದಕ್ಕೆ ಜೀವ. ಬಾಡಿಗೆಯ ಮೊತ್ತದ ವಿಷಯದಲ್ಲಂತೂ ಅದು ಇಬ್ಬರೂ ಒಪ್ಪಿದಷ್ಟು ಎಂದು ಕೈತೊಳೆದುಕೊಂಡಿದೆ. ಬಾವಿಗೆ ಬಿದ್ದವನೂ ಹಗ್ಗ ಮಾರುವವನೂ ಒಪ್ಪಿದ ಬೆಲೆಯನ್ನು ಕರಾರೆಂದು ಕರೆಯುವುದು ನ್ಯಾಯವೇ?

ಆದುದರಿಂದ ನಮ್ಮ ಶಾಸಕರನ್ನು ನಾವು ಕೇಳಬೇಕಾದದ್ದು ಇಷ್ಟು:

1. ವಸತಿ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಕೂಡದು. ಅದು ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿರಲಿ, ಬಡ್ಡಿ ಬಾಡಿಗೆದಾರನಿಗೆ ಸೇರಲಿ.

2. ಸಹಜ ಸವೆತಕ್ಕೆ ಬಣ್ಣದ ಹಣ ಮುರಿಯುವ ಕಲಮು ಯಾವ ಕರಾರಿನಲ್ಲಿದ್ದರೂ ಅದು ಅಸಿಂಧುವಾಗಲಿ. ಬೇರೆ ನಷ್ಟಕ್ಕೆ ಮುರಿಯುವುದಾದರೆ ರಸೀತಿ ತೋರಿಸಿ ಮುರಿಯಲಿ.

3. ದುರಸ್ತಿಗೆಂದು ಮನೆ ಬಿಡಿಸಿದರೆ, ಬಾಡಿಗೆ ಎಷ್ಟೇ ಇರಲಿ, ಹಿಂದೆ ಇದ್ದವರಿಗೆ ಮರಳಿ ಬರುವ ಮೊದಲ ಹಕ್ಕು ಇರಲಿ.

4. ದುರಸ್ತಿ ಯಾವುದು, ಸುಧಾರಣೆ ಯಾವುದು ಎಂಬುದನ್ನು ನಗರಪಾಲಿಕೆಯ ಇಂಜಿನಿಯರರು ಅಳೆದು ಬರೆದುಕೊಡಲಿ. ಸುಧಾರಣೆಯ ಖರ್ಚಿಗೆ ಮಾತ್ರ, ಗೊತ್ತಾದ ಪ್ರಮಾಣದಲ್ಲಿ, ಬಾಡಿಗೆ ಏರಲಿ. ನವೀಕರಿಸಿದ ಮನೆಗೆ 15 ವರ್ಷದ ವಿನಾಯಿತಿ ರದ್ದಾಗಲಿ.

5. ಜಾತಿ, ಧರ್ಮ, ಆಹಾರದ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸುವುದು ಶಿಕ್ಷಾರ್ಹ ಅಪರಾಧವಾಗಲಿ.

6. ಸರ್ಕಾರ ಮಾರುವುದಕ್ಕಾಗಿ ಮಾತ್ರವಲ್ಲದೆ ಬಾಡಿಗೆಗೆ ಕೊಡುವುದಕ್ಕಾಗಿಯೂ ಮನೆ ಕಟ್ಟಲಿ. ವಿಯೆನ್ನಾ ನಗರದ ಸಮಾಜವಾದಿ ಪುರಸಭೆ 1923ರಿಂದ 1934ರೊಳಗೆ ಶ್ರೀಮಂತರ ಮೇಲೆ ಹೆಚ್ಚು ಬೀಳುವಂತೆ ವಸತಿ ತೆರಿಗೆ ಹಾಕಿ 60 ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಕಟ್ಟಿತು. ಯುದ್ಧದಲ್ಲಿ ಸೋತು ಬರಿಗೈಯಾಗಿದ್ದ ದೇಶದ ರಾಜಧಾನಿ ಮಾಡಿದ ಕೆಲಸ ಅದು.

ಈ ಶಾಸನ ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಇಂದಿನಿಂದಲೇ ಮಾಡಬಹುದಾದ ಕೆಲಸಗಳಿವೆ. ಕರಾರು ಪತ್ರವನ್ನು ಮನೆಗೆ ತಂದು ಎರಡು ದಿನ ಇಟ್ಟುಕೊಂಡು ಓದಿ. ಗಂಡಹೆಂಡಿರು ಇಬ್ಬರೂ ಓದಿ. ಮನೆಗೆ ಹೋಗುವ ದಿನ ಪ್ರತಿಯೊಂದು ಗೋಡೆಯ ಚಿತ್ರವನ್ನು ಫೋನಿನಲ್ಲಿ ತೆಗೆದಿಡಿ. ಬಾಡಿಗೆಗೆ, ಮುಂಗಡಕ್ಕೆ ರಸೀತಿ ಕೇಳಿ. ಮಾಡು ಸೋರಿದರೆ ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ನಕಲು ಇಟ್ಟುಕೊಳ್ಳಿ. ನಾನು ಆರು ವರ್ಷ ಬಾಯಲ್ಲಿ ಹೇಳಿದೆ, ಗಾಳಿಗೆ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬೊಬ್ಬರೇ ಗೇಟಿನ ಮುಂದೆ ನಿಂತು ಬೇಡುವುದನ್ನು ಬಿಡಿ. ಒಂದು ಬೀದಿಯ ಹತ್ತು ಮನೆಯ ಬಾಡಿಗೆದಾರರು ಒಟ್ಟಿಗೆ ಕುಳಿತು ತಮ್ಮ ಕರಾರುಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಏಳನೇ ಕಲಮು ಎಲ್ಲರ ಕಾಗದದಲ್ಲೂ ಇರುವುದು ಕಂಡೀತು. ಎಲ್ಲರಿಗೂ ಒಂದೇ ಕಲಮಾದರೆ ಎಲ್ಲರಿಗೂ ಒಂದೇ ದನಿ ಏಕಿರಬಾರದು?

ಕಳೆದ ವಾರ ಆ ರಸ್ತೆಯಲ್ಲಿ ಹಾದುಬಂದೆ. ಫಲಕ ಇರಲಿಲ್ಲ, ಯಾರೋ ಬಂದಿದ್ದಾರೆ. ಅಂಗಳದಲ್ಲಿ ಒಂದು ಮಗುವಿನ ಸೈಕಲ್ಲು ನಿಂತಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಲಕ್ಷದ ಅರವತ್ತು ಸಾವಿರವನ್ನು ಅವರು ಎಲ್ಲಿಂದ ಸಾಲ ತಂದರೋ ಯಾರು ಬಲ್ಲರು! ಅವರ ಕಾಗದದಲ್ಲೂ ಏಳನೇ ಕಲಮು ಇದ್ದೇ ಇದ್ದೀತು. ಅವರು ಮನೆ ಬಿಡುವ ದಿನ ಬಂದಾಗ ಇನ್ನೊಬ್ಬ ಹೆಂಗಸು ಇನ್ನೊಬ್ಬ ಗಂಡಸನ್ನು ಅದೇ ಪ್ರಶ್ನೆ ಕೇಳುವಂತಾಗಬಾರದು. ಆ ದಿನ ಬರುವುದರೊಳಗೆ ನಾವು ಒಟ್ಟುಗೂಡಿ ಕೇಳಬೇಕು, ವಿಧಾನಸೌಧದ ಗೋಡೆಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳಬೇಕು: ನಮ್ಮಿಂದ ಮುರಿದುಕೊಂಡ ಹಣದ ಬಣ್ಣವನ್ನು ಯಾವ ಗೋಡೆಗೆ ಹೊಡೆದಿರಿ?